ಮಾಮಾ ಪಾಸು ಮಾಡದ ಶರಬತ್ತು

ನಮ್ಮ ಸೋದರಮಾವನ ಜೊತೆ ಒಂದು ದಿನ ಇದ್ದು ದಣಿಯದೆ ಎದ್ದು ಬಂದವರಿದ್ದರೆ ಹೇಳಿ, ನಾನೇ ಶಾಲು ಹೊದಿಸುತ್ತೇನೆ! ಅವರ ಮನೆಯಲ್ಲೇ ಬೆಳೆದ ನನಗೆ ಆ ಶಾಲು ಸಿಗುವುದಿಲ್ಲ.

ಮಾಮಾ ಹುಮನಾಬಾದಿನ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದಾರೆ. ಅಂಗಡಿಯಲ್ಲಿ ಸಿಗದ ಔಷಧಗಳನ್ನು, ದೊಡ್ಡವರ ಮಾತ್ರೆ ಅರೆದು ಕೂಸುಗಳಿಗೆ ಕೊಡುವ ಹನಿಗಳನ್ನು, ತಯಾರಿಸುವುದು ಅವರ ಕೆಲಸ. ಅಲ್ಲಿನ ಕಾಯಿದೆ ಏನೆಂದರೆ, ಒಬ್ಬರು ತಯಾರಿಸಬೇಕು, ಇನ್ನೊಬ್ಬರು ಮೊದಲಿನಿಂದ ಲೆಕ್ಕ ಹಾಕಿ ಪಾಸು ಮಾಡಬೇಕು. ಒಳ್ಳೆಯ ಕಾಯಿದೆಯೇ. ಆದರೆ ಅದನ್ನು ಬಸವಕಲ್ಯಾಣದ ತಮ್ಮ ಮನೆಯ ಅಡುಗೆಗೂ ತರಬೇಕೆ?

ಅತ್ತೆ ಸಾರಿಗೆ ಉಪ್ಪು ಹಾಕಿದರೆ, "ಯಾರ ನೋಡ್ಯಾರ?" ಎನ್ನುತ್ತಾರೆ ಮಾಮಾ. ಹಾಕಿದವರೇ ರುಚಿ ನೋಡುವಂತಿಲ್ಲ! ಪಕ್ಕದ ಮನೆಯ ಖಾಲಾ ಬಂದು ಸವಿದು, "ಬರೋಬರಿ ಅದ" ಎಂದ ಮೇಲೆಯೇ ಊಟ. ಖಾಲಾ ರಂಜಾನಿನ ರೋಜಾ ಹಿಡಿದು ಉಪವಾಸವಿದ್ದ ತಿಂಗಳು ನಮಗೆ ಸಪ್ಪೆ ಸಾರು. "ನೋಡೋರೇ ಇಲ್ಲ, ಉಪ್ಪು ಹಾಕೋದ್ಯಾಕ?" ಎಂದು ಅತ್ತೆ ಕೈಬಿಟ್ಟಿದ್ದರು.

ಒಮ್ಮೆ ಮುಡಬಿಯಿಂದ ಬೀಗರು ಬಂದರು. ಶರಬತ್ತಿನ ಲೋಟಗಳನ್ನು ಮಾಮಾ, ಆಸ್ಪತ್ರೆಯಲ್ಲಿ ಔಷಧದ ಸೀಸೆ ಪರೀಕ್ಷಿಸುವಂತೆ, ಒಂದೊಂದಾಗಿ ಕಪ್ಪು ಛತ್ರಿಯ ಮುಂದೆ, ಬಳಿಕ ಬಿಳಿ ಟವೆಲಿನ ಮುಂದೆ ಹಿಡಿದು ನೋಡಿದರು.

"ಒಳಗ ಕಣ ತೇಲಾಕತ್ತಾವ!"

"ಅವು ತಂಪಿಗೆ ಹಾಕಿದ ಸಬ್ಜಾ ಬೀಜ ರೀ!" ಎಂದರು ಅತ್ತೆ.

"ಹೌದೇನ? ಮತ್ತ ಲೋಟದ ಮ್ಯಾಲ ಯಾಕ ಬರದಿಲ್ಲ?"

ಶರಬತ್ತು ಮೋರಿಗೆ ಹೋಯಿತು. ಬೀಗರು ಒಣಗಂಟಲಲ್ಲೇ ಬಸ್ಸು ಹತ್ತಿದರು.

ಇಂಥವರ ಆಸ್ಪತ್ರೆಗೇ ನನ್ನ ಮಗಳು ಸೇರಿದಳು. ಹುಟ್ಟಿದಾಗಲೇ ಹೃದಯ ದುರ್ಬಲ. ಡಾಕ್ಟರು ಬರೆದ ಹನಿಯನ್ನು ಅಲ್ಲಿಯೇ ತಯಾರಿಸಬೇಕಿತ್ತು. ಕಾದು ಕಾದು ನನ್ನ ಜೀವ ಸೋತಿತ್ತು. ಅಷ್ಟರಲ್ಲಿ ಮಾಮಾ ಬರಿಗೈಲೆ ಹೊರಗೆ ಬಂದರು.

"ನಮ್ಮ ವಿಭಾಗದ ಮೇಡಂ ಮಾಡಾಕತ್ತಾರ. ಪಾಸ್ ಮಾಡ್ಲಾಕೂ ಬ್ಯಾರೆಯವರು ಕುಂತಾರ."

ನನಗೆ ಸಿಟ್ಟು ನೆತ್ತಿಗೇರಿತು. "ಊರ ಮಕ್ಕಳಿಗೆಲ್ಲಾ ಮಾಡ್ತೀರಿ. ನನ್ನ ಮಗಳಿಗೆ ಯಾಕ ಮಾಡಂಗಿಲ್ರಿ?"

"ಮಾಡ್ಲಾಕ ಕುಂತಿದ್ದೆ ತಮ್ಮಾ. ಕೈ ನಡಗಾಕತ್ತದ. ಇಂಥಾ ಕೈಲೆ ಮಾಡಿದ್ದನ್ನ ನಮ್ಮ ಕೂಸಿಗೆ ಹ್ಯಾಂಗ ಕೊಡ್ಲಿ?"

ಸ್ವಲ್ಪ ಹೊತ್ತಿಗೆ ಔಷಧ ಬಂತು. ನರ್ಸ್ ಹನಿ ಹಾಕಿದರು. ಮಗಳು ಮುಖ ಕಿವುಚಿ ನುಂಗಿದಳು. ಹೊರಗೆ ಬಾಗಿಲಲ್ಲೇ ನಿಂತಿದ್ದ ಮಾಮಾಗೆ ಹೇಳಿದೆ: "ನುಂಗಿದ್ಲು, ಮಾಮಾ."

"ಯಾರ ನೋಡ್ಯಾರ?" ಎಂದು ಅವರು ಕೇಳಲಿಲ್ಲ. ನನ್ನೊಬ್ಬನ ಮಾತನ್ನೇ ನಂಬಿ, ಗೋಡೆಗೆ ಮುಖ ತಿರುಗಿಸಿ ಅತ್ತುಬಿಟ್ಟರು.