ಕಾಲು ಪಾಲಿನ ನೆಂಟಸ್ತಿಕೆ

ಯಾರ ಜೊತೆಗಾದರೂ ಚೌಕಾಸಿ ಮಾಡಿ, ಭಿನ್ನರಾಶಿಯ ಜೊತೆ ಮಾತ್ರ ಮಾಡಬೇಡಿ. ಬೈಲಹೊಂಗಲದ ಪೇಟೆಗೆ ಬರಿಗೈಯಲ್ಲಿ ಬಂದು ಹತ್ತಿ ವ್ಯಾಪಾರಿಯಾದವನು ನಾನು. ಇಳಿಯದ ದರವನ್ನು ಕಂಡವನೇ ಅಲ್ಲ. ನನ್ನ ಮದುವೆಯನ್ನೂ ಅಗ್ಗದಲ್ಲೇ ಮುಗಿಸಿದೆ. ಅದು ಸಾಟಿ ಲಗ್ನ: ನನ್ನ ತಂಗಿ ಶಾಂತವ್ವನನ್ನು ನೇಸರಗಿಯ ಮನೆಗೆ ಕೊಟ್ಟು, ಅವಳ ಗಂಡನ ತಂಗಿಯನ್ನು ನಾನು ತಂದುಕೊಂಡೆ. ಒಂದೇ ಹಂದರ, ಒಂದೇ ಊಟ. ಕೊಡುವುದೂ ಇಲ್ಲ, ತರುವುದೂ ಇಲ್ಲ. ಆಮೇಲೆ ಈ ವ್ಯವಹಾರವನ್ನು ಕಂಡಕಂಡವರಿಗೆಲ್ಲ ಶಿಫಾರಸು ಮಾಡುತ್ತಾ ಬಂದೆ.

ತೊಂಬತ್ತರ ದಶಕದ ಕೊನೆಯಲ್ಲಿ ಶಾಂತವ್ವ ತನ್ನ ಮಗ ಬಸುವಿಗೆ ನನ್ನ ಮಗಳು ಗಿರಿಜಾಳನ್ನು ಕೇಳಿದಾಗ, ಮುಕ್ಕಾಲು ಭಾಗ ಒಪ್ಪಿಯೇಬಿಟ್ಟಿದ್ದೆ. ಬಿ.ಎಸ್ಸಿ. ಓದುತ್ತಿದ್ದ ಗಿರಿಜಾ ಅಳಲಿಲ್ಲ, ಲೆಕ್ಕ ಹಾಕಿದಳು. ಅಪ್ಪ-ಮಗಳಲ್ಲಿ ಕೂಡುವ ರಕ್ತದ ಪಾಲು ಅರ್ಧವಂತೆ. ಬರೀ ಅತ್ತೆಯ ಮಗನಾದರೆ ಎಂಟನೆಯ ಒಂದು. ಆದರೆ ನಮ್ಮ ಸಾಟಿಯಿಂದಾಗಿ ಅವರಿಬ್ಬರಿಗೂ ಎರಡೂ ಕಡೆಯ ಅಜ್ಜ-ಅಜ್ಜಿಯರು ಅವರೇ. ಹಾಗಾಗಿ ಎರಡೂ ಕಡೆಯಿಂದ ಕೂಡಿ ನಾಲ್ಕನೆಯ ಒಂದು. ಎಂಟಕ್ಕೇ ಮುಗಿಸು ಎಂದೆ. ಅವಳು ನಗಲಿಲ್ಲ.

"ಒಬ್ಬ ಅಪ್ಪಗ ಇಬ್ಬರು ಹೆಂಡರಿದ್ರ, ಬ್ಯಾರೆ ಬ್ಯಾರೆ ತಾಯಿಗೆ ಹುಟ್ಟಿದ ಅಣ್ಣ-ತಂಗಿಗೆ ಎಷ್ಟು ಪಾಲು ಕೂಡತೈತೋ, ನನಗೂ ಬಸೂಗೂ ಅಷ್ಟ ಕೂಡತೈತಿ. ಇನ್ನ ನೀನ ಹೇಳಪಾ."

ನಾನು ಹೇಳುವ ಮೊದಲೇ ಶಾಂತವ್ವ ಮಗನೊಂದಿಗೆ ಬಂದಿಳಿದಳು. ಸುಡುಮಧ್ಯಾಹ್ನ. ಪಡಸಾಲೆಯ ಆಚೆ ಕಂಬಕ್ಕೆ ಒರಗಿ ಕೂತ ಬಸು, ಈಚೆ ಕಂಬಕ್ಕೆ ಗಿರಿಜಾ. ನಡುವೆ ಚಹಾ ಆರುತ್ತಿತ್ತು. ಒಪ್ಪಿಗೆಯೇ ಎಂದು ತಂಗಿ ಇಬ್ಬರನ್ನೂ ಕೇಳಿದಳು. ಇಬ್ಬರ ಬಲಗಣ್ಣುಗಳೂ ಮೆಲ್ಲಗೆ ಮುಚ್ಚಿಕೊಂಡವು. ಎಡಗಣ್ಣುಗಳು ತೊಲೆಯ ಒಂದೇ ಜಾಗಕ್ಕೆ ಏರಿ ಅಲ್ಲೇ ನಿಂತವು.

ವ್ಯವಹಾರ ಮುರಿಯುವ ಮೊದಲು ನಮ್ಮಪ್ಪ ಹೀಗೆಯೇ ಕೂರುತ್ತಿದ್ದ. ಅವನು ಸತ್ತದ್ದು ಈ ಮಕ್ಕಳು ಹುಟ್ಟುವ ಮೊದಲು. ಈಗ ಎರಡು ಎಳೆಯ ಮುಖಗಳ ಒಳಗಿಂದ ಒಬ್ಬನೇ ಮುದುಕ ನಮ್ಮ ತೊಲೆ ನೋಡುತ್ತಿದ್ದ. ಪಾಲಾಗಿ ಹಂಚಿಹೋಗಿದ್ದರೂ ಎಲ್ಲೂ ಕಡಿಮೆಯಾಗಿರಲಿಲ್ಲ.

ತಂಗಿಯನ್ನು ಅಡಿಗೆಮನೆಗೆ ಕರೆದು, ಈ ಸಂಬಂಧ ಬೇಡವೆಂದೆ. ಯಾಕೆಂದು ಕೇಳಿದಳು. ಗಿರಿಜಾಳ ಲೆಕ್ಕ ಆ ಹೊತ್ತಿಗೆ ಬಾಯಿಗೇ ಬರಲಿಲ್ಲ.

"ಅಪ್ಪ ಒಲ್ಲೆ ಅಂದ, ಶಾಂತಾ. ಇಬ್ಬರೊಳಗೂ ಬಂದು ಕುಂತಿದ್ದ, ನೋಡಲಿಲ್ಲೇನು?"

ಅವಳು ನನ್ನ ಮುಖವನ್ನೇ ದಿಟ್ಟಿಸುತ್ತಾ ಒಂದು ಹೆಜ್ಜೆ ಹಿಂದೆ ಸರಿದಳು. ಮಗಳನ್ನು ಉಳಿಸಿಕೊಂಡ ನನ್ನ ಜಾಣತನಕ್ಕೆ ನಾನು ಒಳಗೊಳಗೇ ಬೀಗುತ್ತಿದ್ದೆ.

"ಇಬ್ಬರೊಳಗಲ್ಲಣ್ಣಾ, ಮೂವರೊಳಗ," ಎಂದಳು ತಗ್ಗಿದ ದನಿಯಲ್ಲಿ. "ಮೊದಲ ನೀ ಮುಚ್ಚಿದ ಬಲಗಣ್ಣು ತಗಿ. ನನಗ ಅಂಜಿಕಿ ಬರಾಕತ್ತೇತಿ."