ನಮ್ಮವರ ಜೊತೆಗೇ ಹೋದ ಪಿನ್ನು

ಗಂಡ ತೀರಿಹೋದ ಮನೆಯಲ್ಲಿ ನಗು ಬರುವಂಥದ್ದು ಏನೂ ನಡೆಯುವುದಿಲ್ಲ ಅಂತ ನಾನೂ ನಂಬಿದ್ದೆ. ನಮ್ಮ ಲಾಯಿಲದ ಮನೆಯಲ್ಲಿ ಅದು ನಡೆಯುತ್ತಲೇ ಉಂಟು.

ನಮ್ಮವರದು ಪುಂಜಾಲಕಟ್ಟೆಯಲ್ಲಿ ಹೋಟೆಲು. ಬ್ಯಾಂಕು, ಕರೆಂಟು ಬಿಲ್ಲು, ಗ್ಯಾಸು ಎಲ್ಲ ಅವರ ಮೊಬೈಲಿನೊಳಗೆ, ಅದರ ಪಿನ್ನು ಅವರ ತಲೆಯೊಳಗೆ. "ನನಗೂ ಸ್ವಲ್ಪ ಹೇಳಿಕೊಡಿ" ಅಂದರೆ "ನಾನಿಲ್ವಾ?" ಅನ್ನುತ್ತಿದ್ದರು. ಒಂದು ಬೆಳಿಗ್ಗೆ ದೋಸೆಕಲ್ಲಿನ ಎದುರೇ ಕುಸಿದರು. ಬಂಟ್ವಾಳದ ಆಸ್ಪತ್ರೆ ತಲುಪುವಾಗ ಜೀವ ಇರಲಿಲ್ಲ.

೧. ಬೆರಳು

ದೇಹ ಚಾವಡಿಯಲ್ಲಿತ್ತು. ಮೈದುನ ಅವರ ಮೊಬೈಲು ಹಿಡಿದು ಬಂದ. "ಅತ್ತಿಗೆ, ನೆಂಟರ ನಂಬರೆಲ್ಲ ಇದರಲ್ಲೇ ಉಂಟು. ಅಣ್ಣನ ಬೆರಳು ಒಮ್ಮೆ ಇಟ್ಟು ನೋಡುವ."

ಹೆಬ್ಬೆರಳು ಇಟ್ಟ. ತೆರೆಯಲಿಲ್ಲ. ಒರೆಸಿ ಇಟ್ಟ. ಇಲ್ಲ. ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ನೋಡತೊಡಗಿದರು. ಅವನು ಪೆಚ್ಚಾಗಿ ನನ್ನ ಮುಖ ನೋಡಿದ.

ಮೂಲೆಯಿಂದ ನಮ್ಮವರ ಸೋದರತ್ತೆ ಹೇಳಿದರು: "ಇನ್ನೂ ಒಂಬತ್ತು ಉಂಟಲ್ಲ ಮಾರಾಯ."

೨. ನಾಮಿನಿ

ಬೆಳ್ತಂಗಡಿಯ ಬ್ಯಾಂಕಿನಲ್ಲಿ ಮೇಡಂ ಕಂಪ್ಯೂಟರ್ ನೋಡಿ ಹೇಳಿದರು, "ನಾಮಿನಿ ನೀವಲ್ಲ. ಮದುವೆಗೆ ಮೊದಲಿನ ಖಾತೆ ಇದು, ಅವರ ತಾಯಿಯ ಹೆಸರುಂಟು. ಅವರನ್ನು ಕರ್ಕೊಂಡು ಬನ್ನಿ."

"ಅತ್ತೆ ಹೋಗಿ ತುಂಬ ಕಾಲ ಆಯ್ತು ಮೇಡಂ. ಈಗ ಅಮ್ಮ, ಮಗ ಇಬ್ಬರೂ ಒಂದೇ ಕಡೆ ಇದ್ದಾರೆ. ನೀವು ನನ್ನನ್ನೂ ಅಲ್ಲಿಗೇ ಕಳಿಸಿದರೆ ಕರ್ಕೊಂಡು ಬರ್ತೇನೆ."

ಆ ಕಾಗದಪತ್ರ ಇನ್ನೂ ಸುತ್ತುತ್ತಾ ಉಂಟು.

೩. ಮಾತು

ಬಿಲ್ಲು ಕಟ್ಟದೆ ಕರೆಂಟು ಹೋಯಿತು. ಲೈನ್‌ಮ್ಯಾನ್ ಹೊಸಬ, ಅವನಿಗೆ ವಿಷಯ ಗೊತ್ತಿರಲಿಲ್ಲ. "ಯಜಮಾನರ ಮೊಬೈಲಿಗೆ ಮೆಸೇಜು ಬಂದಿತ್ತಲ್ಲ, ಹೇಳ್ಲಿಲ್ವಾ?"

ಅವರು ಹೋದದ್ದನ್ನು ಎಲ್ಲರಿಗೂ ಹೇಳಿ ಹೇಳಿ ನನಗೆ ಸಾಕಾಗಿತ್ತು. "ಇಲ್ಲ, ಅವರು ಮಾತು ಬಿಟ್ಟಿದ್ದಾರೆ" ಅಂದೆ.

"ಗಂಡ ಹೆಂಡತಿ ಅಂದ ಮೇಲೆ ಜಗಳ ಇರ್ತದೆ ಅಕ್ಕ. ನೀವೇ ಮೊದಲು ಮಾತಾಡಿ."

"ಅದನ್ನೇ ಮಾಡ್ತಾ ಇದ್ದೇನೆ."

೪. ಕಾಫಿ

ನನ್ನ ಗತಿ ಅವಳಿಗೆ ಬೇಡ ಅಂತ ಮೂಡುಬಿದಿರೆಯ ತಂಗಿಗೆ ಫೋನು ಮಾಡಿದೆ. "ಇವತ್ತೇ ನಿನ್ನ ಗಂಡನ ಹತ್ತಿರ ಪಿನ್ನು ಎಲ್ಲ ಕೇಳಿ ಇಟ್ಟುಕೊ."

ಅವಳು ಹೋಗಿ ನೇರವಾಗಿ, "ನೀವು ಸಡನ್ನಾಗಿ ಹೋದ್ರೆ ನಾನು ಎಂಥ ಮಾಡುವುದು?" ಅಂತ ಕೇಳಿದಳಂತೆ. ಅವನು ಹೆದರಿ ಮರುದಿನವೇ ಇಸಿಜಿ ಮಾಡಿಸಿಕೊಂಡು ಬಂದು, ಆಮೇಲೆ ಎಲ್ಲ ಹೇಳಿಕೊಟ್ಟನಂತೆ.

"ಒಳ್ಳೆಯದಾಯ್ತಲ್ಲ?" ಅಂದೆ.

"ಎಂಥ ಒಳ್ಳೆಯದು ಅಕ್ಕ? ಈಗ ನಾನು ಕಾಫಿ ಕೊಟ್ಟರೆ, 'ನನಗೆ ಬೇಡ, ಮೊದಲು ನೀನು ಕುಡಿ' ಅಂತಾರೆ."

ನಕ್ಕೆ. ನಕ್ಕು ನಕ್ಕು ಕಣ್ಣೀರು ಬಂತು, ಮತ್ತೆ ನಿಲ್ಲಲೇ ಇಲ್ಲ.

"ಅಕ್ಕಾ? ನಗ್ತಾ ಇದ್ದೀಯಾ?"

"ಕುಡಿದು ತೋರಿಸು ಮಾರಾಯ್ತಿ," ಅಂದೆ. "ಬೇಡ ಅನ್ನಲಿಕ್ಕಾದ್ರೂ ನಿನ್ನ ಎದುರು ಒಂದು ಜನ ಉಂಟಲ್ಲ."