ಯಜಮಾನರ ಲಿವರ್, ನನ್ನ ಕಷಾಯ

ಪುಣೆಯಲ್ಲಿ ನಿಮ್ಮ ಲಿವರಿನ ಸುದ್ದಿಯನ್ನು ಯಾರ ಮುಂದೆಯೂ ಬಾಯಿಬಿಡಬೇಡಿ. ಹಲ್ಲುನೋವು ಎಂದರೆ ಡಾಕ್ಟರ ಹತ್ತಿರ ಹೋಗಿ ಎನ್ನುವ ಜನ, ಲಿವರ್ ಎಂದ ಕೂಡಲೇ ತಾವೇ ವೈದ್ಯರಾಗುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು ಕೂಡ ಒಂದು ಬೇರಿನ ಹೆಸರು ಹೇಳದೆ ಇಳಿಯುವುದಿಲ್ಲ. ನಾನು ಎಲ್ಲರ ಮುಂದೆಯೂ ಬಾಯಿಬಿಟ್ಟೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದರ ಹಿಂದೆ ಒಂದು ಮನೆಮದ್ದಿನ ಪ್ರಯೋಗ ನಡೆಯುತ್ತಲೇ ಹೋಯಿತು.

ನಾವು ಧಾರವಾಡದ ಕಡೆಯವರು. ಯಜಮಾನರ ಆಫೀಸು ಶಿವಾಜಿನಗರದಲ್ಲಿ. ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ, ಆದರೆ ಕರಿದ ತಿಂಡಿಗೆ ಇಲ್ಲ ಅಂದವರೂ ಅಲ್ಲ. ಸ್ಕ್ಯಾನ್ ಮಾಡಿದಾಗ ಲಿವರಿನಲ್ಲಿ ಕೊಬ್ಬು ಕೂತಿದೆ, ಗ್ರೇಡ್ ಎರಡು ಎಂದು ಬಂತು. ನಮ್ಮ ಡಾಕ್ಟರು ಕನ್ನಡದವರೇ. ಮಾತ್ರೆ ಬರೆಯಲಿಲ್ಲ. ತೂಕ ಇಳಿಸಿ, ದಿನಾ ನಡೆಯಿರಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ, ಆಗಲೂ ಇಳಿಯದಿದ್ದರೆ ಮುಂದೆ ಕಷ್ಟ ಎಂದರು. ನಮ್ಮ ಮಾವನವರು ಲಿವರ್ ಕೆಟ್ಟೇ ತೀರಿಕೊಂಡವರು. ನನಗೆ ಹೆದರಿಕೆಯಾಯಿತು. ಇವರಿಗೆ ಏನೂ ಆಗಲಿಲ್ಲ. ವಾಕಿಂಗ್ ಹೋಗಿ ಎಂದರೆ ಒಂದು ದಿನ ಮೊಣಕಾಲು, ಮರುದಿನ ಬೀದಿನಾಯಿ, ಅದರ ಮರುದಿನ ಅಮಾವಾಸ್ಯೆ. ಕಾಲು ಕದಲದಿದ್ದರೆ ಬೇಡ, ಬಾಯಿಗೆ ಹಾಕಿಯಾದರೂ ಈ ಲಿವರನ್ನು ಸರಿ ಮಾಡಿಯೇ ತೀರುತ್ತೇನೆ ಎಂದು ನಾನು ಹಟಕ್ಕೆ ಬಿದ್ದೆ.

ಕುಟ್ಕಿ

ಮೊದಲು ಹೇಳಿದವರು ಪಕ್ಕದ ಮನೆಯ ಮರಾಠಿ ಅಜ್ಜಿ. ಕುಟ್ಕಿ ತಂದು ನೀರಲ್ಲಿ ಕುದಿಸಿ ಕೊಡು ಎಂದರು. ಯಜಮಾನರು ಕಿರಾಣಿ ಅಂಗಡಿಯಿಂದ ಕುಟ್ಕಿ ಎಂದು ಬರೆದ ದೊಡ್ಡ ಪ್ಯಾಕೆಟ್ ತಂದರು. ಒಳಗೆ ಸಣ್ಣ ಕಾಳು. ಕುದಿಸಿದರೆ ಒಳ್ಳೆ ಗಂಜಿಯಾಯಿತು.

ಕುಡಿಯುತ್ತಾರಾ ಎಂದು ಅಜ್ಜಿ ಬಾಲ್ಕನಿಯಿಂದ ಕೇಳಿದರು. ಎರಡು ಬಟ್ಟಲು ಕುಡಿದು ಮೇಲೆ ಉಪ್ಪಿನಕಾಯಿ ಕೇಳುತ್ತಾರೆ ಎಂದೆ. ಅಜ್ಜಿ ಕೈ ಮುಗಿದರು. ಅಷ್ಟು ಕಹಿಯನ್ನು ಬಟ್ಟಲುಗಟ್ಟಲೆ ಕುಡಿಯುವ ಗಂಡಸನ್ನು ಅವರು ಕಂಡೇ ಇರಲಿಲ್ಲವಂತೆ. ಅಂದಿನಿಂದ ಲಿಫ್ಟಿನಲ್ಲಿ ಇವರಿಗೆ ಜಾಗ ಬಿಟ್ಟು ನಿಲ್ಲತೊಡಗಿದರು. ಇಂಥ ಗೌರವ ಇವರಿಗೆ ಆಫೀಸಿನಲ್ಲೂ ಸಿಕ್ಕಿರಲಿಲ್ಲ.

ಒಂದು ದಿನ ಅಜ್ಜಿ ಈ ಪವಾಡ ನೋಡಲು ಬಂದು ಪಾತ್ರೆಯಲ್ಲಿ ಇಣುಕಿದರು. ಆಗ ಗುಟ್ಟು ಹೊರಬಿತ್ತು. ಇಲ್ಲಿ ನಮ್ಮ ಸಾವಿ ಅಕ್ಕಿಗೂ, ಅಂದರೆ ಸಾಮೆಗೂ, ಕುಟ್ಕಿ ಎನ್ನುತ್ತಾರೆ. ಅಜ್ಜಿ ಹೇಳಿದ್ದು ಕಟುಕರೋಹಿಣಿ ಎಂಬ ಬೇರು, ಅದು ಸಿಗುವುದು ಗಿಡಮೂಲಿಕೆ ಅಂಗಡಿಯಲ್ಲಿ. ಮರುದಿನವೇ ತಂದು ಕುದಿಸಿದೆ. ಯಜಮಾನರು ಎಂದಿನಂತೆ ಬಟ್ಟಲೆತ್ತಿ ದೊಡ್ಡ ಗುಟುಕು ಎಳೆದರು. ಕಣ್ಣಲ್ಲಿ ನೀರು ಬಂತು. ಬಟ್ಟಲು ಕೆಳಗಿಟ್ಟು ಒಂದೇ ಮಾತು ಹೇಳಿದರು.

“ಇವತ್ತ ಉಪ್ಪಿನಕಾಯಿ ಬ್ಯಾಡ.”

ಅಮೃತ

ಆಮೇಲೆ ಧಾರವಾಡದಿಂದ ನಾದಿನಿಯ ಫೋನು. ದಿನಾ ಮುಂಜಾನೆ ಅಮೃತಬಳ್ಳಿಯ ರಸ ಕೊಡು ವೈನಿ ಎಂದಳು. ಇಲ್ಲಿ ಬೆಳಿಗ್ಗೆ ಉದ್ಯಾನಗಳ ಮುಂದೆ ಇಂಥ ಕಹಿ ರಸಗಳನ್ನು ಮಾರುತ್ತಾರೆ. ಆಫೀಸಿಗೆ ಹೋಗುವಾಗ ತಪ್ಪದೆ ಅಮೃತ ಕುಡಿದು ಹೋಗಿ ಎಂದೆ. ಇವರು ತಕ್ಷಣ ಒಪ್ಪಿದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಸಂಜೆ ಕೇಳಿದರೆ, ಅಮೃತ ಆಯಿತು, ಇವತ್ತು ಎರಡು ಸಲ ಆಯಿತು ಎನ್ನುತ್ತಿದ್ದರು. ತೂಕ ಮಾತ್ರ ಏರುತ್ತಿತ್ತು. ಒಮ್ಮೆ ಏನೋ ಕೆಲಸಕ್ಕೆ ಶಿವಾಜಿನಗರಕ್ಕೆ ಹೋದವಳು ನೋಡುತ್ತೇನೆ, ಯಜಮಾನರು ಬೆಂಚಿನ ಮೇಲೆ ಕೂತು ಖಾರಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದಾರೆ. ತಲೆಯ ಮೇಲಿನ ಬೋರ್ಡಿನಲ್ಲಿ ದೊಡ್ಡದಾಗಿ ‘ಅಮೃತತುಲ್ಯ’. ಪುಣೆಯ ಹಳೆಯ ಚಹಾ ಅಂಗಡಿಗಳಿಗೆಲ್ಲ ಅದೇ ಹೆಸರು. ಅಲ್ಲಿ ಸಕ್ಕರೆಗೆ ಲೆಕ್ಕವಿಲ್ಲ.

ಇವರು ಒಂಚೂರೂ ಅಳುಕಲಿಲ್ಲ. “ನೀನ ಅಮೃತ ಕುಡೀರಿ ಅಂದಿ. ಬೋರ್ಡ್ ನೋಡು.”

“ಬಳ್ಳಿ ಎಲ್ಲದ ರೀ ಇದರಾಗ?”

“ಚಹಾನೂ ಗಿಡದಾಗ ಬೆಳೀತದ ಅಲ್ಲೇನ?”

ಕಾಳಜಿ

ಕೆಳಗಿನ ಮನೆಯಲ್ಲಿ ಮಂಡ್ಯ ಕಡೆಯ ಸಾಫ್ಟ್‌ವೇರ್ ಹುಡುಗನೊಬ್ಬ ಇದ್ದಾನೆ. ಅವನಿಗೂ ಇದೇ ತೊಂದರೆ ಎಂದು ತಿಳಿದ ಮೇಲೆ ನಾನು ಅವನನ್ನೂ ಬಿಡಲಿಲ್ಲ. ನೆಲ್ಲಿಕಾಯಿ ಚಟ್ನಿ ಕೊಡೋಣವೆಂದು ಇಳಿದರೆ ಮೆಟ್ಟಿಲ ತುಂಬ ಮಸಾಲೆಯ ವಾಸನೆ. ಊಟದ ಪಾರ್ಸೆಲ್ ಬಿಚ್ಚಿಕೊಂಡು ಕೂತಿದ್ದ. ಪಥ್ಯ ಏನಾಯಿತಪ್ಪ ಎಂದೆ.

“ಪಥ್ಯಾನೇ ಆಂಟಿ ಇದು. ಲಿವರ್‌ಗೆ ಕಲೇಜಿ ತಗೊಳ್ಳಿ ಅಂತ ಡಾಕ್ಟರ್ರೇ ಹೇಳಿದ್ದು. ಡೈಲಿ ಆರ್ಡರ್ ಮಾಡ್ತಿದೀನಿ.”

ಕಲೇಜಿ ಎಂದರೆ ಇಲ್ಲಿಯ ಹೋಟೆಲುಗಳಲ್ಲಿ ಆಡಿನ ಲಿವರು. ಅವನ ಡಾಕ್ಟರು ಮರಾಠಿಯಲ್ಲಿ ನಿಜಕ್ಕೂ ಏನಂದರು ಎಂದು ಬಿಡಿಸಿ ಕೇಳಿದೆ. ‘ಲಿವರ್‌ಚಿ ಕಾಳ್ಜಿ ಘ್ಯಾ’ ಅಂದಿದ್ದರು. ಘ್ಯಾ ಎಂದರೆ ತಗೊಳ್ಳಿ ಎನ್ನುವಷ್ಟು ಮರಾಠಿ ಇವನಿಗೆ ಬರುತ್ತಿತ್ತು, ಅದೇ ಎಡವಟ್ಟಾದದ್ದು. ಕಾಳ್ಜಿ ಎಂದರೆ ನಮ್ಮದೇ ಕಾಳಜಿ, ಜೋಪಾನ ಮಾಡು ಅಂದರು ನೋಡಪ್ಪ ಎಂದೆ. ಅವನು ಪಾರ್ಸೆಲ್ ಮುಚ್ಚಿಟ್ಟ. ಮುಖ ಸಪ್ಪಗಾಗಿತ್ತು.

“ಒಂದು ದಿನಾನೂ ಬಿಡದೆ ಫಾಲೋ ಮಾಡಿದ ಡಯಟ್ ಇದೊಂದೇ ಆಂಟಿ.”

ಬಾಟಲಿ

ಸ್ಕ್ಯಾನಿನ ದಿನ ಹತ್ತಿರ ಬರುತ್ತಿತ್ತು. ಇನ್ನು ಯಾರ ಮಾತೂ ಬೇಡ ಎಂದು ನಾನು ನೆಲನೆಲ್ಲಿಗೆ ಬಂದೆ. ಊರ ಹೊರಗಿನ ಸಾಸವಡದಿಂದ ಸೊಪ್ಪು ತರುವ ಹೆಂಗಸಿಗೆ ಹೇಳಿ ತರಿಸಿ, ಜೀರಿಗೆ ಹಾಕಿ ಕುದಿಸಿ, ಬಾಟಲಿಗೆ ತುಂಬಿ ಯಜಮಾನರ ಎದುರು ನಿಂತೆ. ಇದು ಖಾಲಿಯಾಗುವ ತನಕ ನಾಷ್ಟಾ ಇಲ್ಲ ಎಂದೆ. ನಿನ್ನ ಮುಖ ನೋಡುತ್ತ ಕುಡಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹೊರಗೆ ಗಾಳಿಯಲ್ಲಿ ಕುಡಿದು ಬರುತ್ತೇನೆ ಎಂದರು. ಹೇಗಾದರೂ ಕುಡಿಯಲಿ ಎಂದು ಒಪ್ಪಿದೆ.

ದಿನಾ ಬೆಳಿಗ್ಗೆ ತುಂಬಿದ ಬಾಟಲಿ ಹೋಗುತ್ತಿತ್ತು, ಖಾಲಿ ಬಾಟಲಿ ಬರುತ್ತಿತ್ತು. ಇವರು ಬೆವತು ಬರುತ್ತಿದ್ದರು. ಕಹಿಗೆ ಮೈ ಬಿಸಿಯಾಗುತ್ತದೆ ಎಂದುಕೊಂಡೆ. ಬರಬರುತ್ತ ಪ್ಯಾಂಟು ಸಡಿಲವಾಯಿತು. ನಾನು ಇನ್ನಷ್ಟು ನೆಲನೆಲ್ಲಿ ತರಿಸಿದೆ.

ಸ್ಕ್ಯಾನ್ ನೋಡಿ ಡಾಕ್ಟರು ಕೊಬ್ಬು ಬಹಳ ಇಳಿದಿದೆ, ಹೆದರಬೇಡಿ ಎಂದರು. ನನಗೆ ಅಲ್ಲೇ ಅಳು ಬಂತು. ಕಣ್ಣೊರೆಸಿಕೊಂಡು, ಚೀಲದಿಂದ ಬಾಟಲಿ ತೆಗೆದು ತೋರಿಸಿ ನನ್ನ ಕಷಾಯದ ಮಹಿಮೆ ಹೇಳಿದೆ. ಡಾಕ್ಟರು ಗಂಭೀರರಾದರು. ಕೇಳದೆ ಸೊಪ್ಪು ಬೇರು ಕುಡಿಸಬಾರದು, ಕೆಲವು ಗಿಡಗಳಿಂದ ಲಿವರಿಗೇ ಪೆಟ್ಟು ಬೀಳುತ್ತದೆ ಎಂದು ಗದರಿ, ದಿನಕ್ಕೆ ಎಷ್ಟು ಕುಡಿದಿರಿ ಎಂದು ಇವರನ್ನು ಕೇಳಿದರು.

ಯಜಮಾನರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. “ಒಂದ್ ಹನಿನೂ ಇಲ್ರಿ.”

ಆಮೇಲೆ ಎಲ್ಲ ಹೊರಬಿತ್ತು. ಗೇಟಿನ ಹತ್ತಿರ ಚೆಲ್ಲಲು ಹೋದರೆ ವಾಚ್‌ಮನ್ ನೋಡುತ್ತಿದ್ದ. ಉದ್ಯಾನದಲ್ಲಿ ಪಕ್ಕದ ಮನೆಯ ಅಜ್ಜಿ. ಮುಂದಿನ ಬೀದಿಯಲ್ಲಿ ಹೂವಿನವಳು. ಎಲ್ಲರೂ ನನ್ನ ಗೂಢಚಾರರಂತೆ. ಯಾರೂ ಕಾಣದ ಜಾಗ ಹುಡುಕಿಕೊಂಡು ಇವರು ದಿನಾ ಟೇಕಡಿಯ ಬುಡದ ತನಕ, ಅಂದರೆ ನಮ್ಮ ಬಡಾವಣೆಯ ಹಿಂದಿನ ದೂರದ ಗುಡ್ಡದ ತನಕ, ನಡೆದು ಹೋಗಿ ಅಲ್ಲಿ ಸುರಿದು ಬರುತ್ತಿದ್ದರು. ಡಾಕ್ಟರು ನಕ್ಕು ನಕ್ಕು ಕನ್ನಡಕ ತೆಗೆದಿಟ್ಟರು. ಲಿವರ್ ಸರಿಮಾಡಿದ್ದು ಆ ನಡಿಗೆಯೇ, ಇನ್ನು ಕಷಾಯ ನಿಲ್ಲಿಸಿಬಿಡಿ ಎಂದರು.

ನಾನು ಬಾಟಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. “ನಿಲ್ಲಸೂದಿಲ್ರಿ ಡಾಕ್ಟ್ರ. ದಿನಾ ಕುದಸ್ತೀನಿ. ನಾಳಿಂದ ಇವರು ಟೇಕಡಿ ಹತ್ತಿ, ತುದೀಗೆ ಹೋಗಿ ಚೆಲ್ಲಿ ಬರಲಿ.”